ಮೂರು ಪೇಟೆ, ಮೂರು ನಾರು, ಒಬ್ಬ ಹುಲಿಯಪ್ಪ

ಯುರೋಪಿನ ಆರು ದೇಶಗಳ ಹಣಕಾಸಿನ ಮಂತ್ರಿಗಳು ಒಟ್ಟಾಗಿ ಸೇರಿ ಹೊಸನಗರಕ್ಕೆ ಒಂದು ತಂತಿ ಕಳಿಸಿದ್ದರು. ‘ಹುಲಿಯಪ್ಪನವರನ್ನು ಕೂಡಲೇ ಕಳಿಸಿಕೊಡಿ. ವಿಮಾನದ ಖರ್ಚು, ದಾರಿಯ ಎಲೆಯಡಿಕೆಯ ಖರ್ಚು ಎರಡೂ ನಮ್ಮದು’ ಎಂದು ಅದರಲ್ಲಿತ್ತು. ಈ ಸೀಮೆಯಲ್ಲಿ ಹುಲಿಯಪ್ಪ ಎಂಬ ಹೆಸರಿನವರು ನಾನೂರ ಹನ್ನೆರಡು ಜನ. ಯಾವ ಹುಲಿಯಪ್ಪ ಎಂದು ಮಂತ್ರಿಗಳು ಬರೆಯಲಿಲ್ಲ. ತಂತಿ ಬಂದ ದಾರಿಗೆ ಸುಂಕವಿಲ್ಲದೆ ವಾಪಸಾಯಿತು. ಯುರೋಪಿನ ಹಣದ ಪೇಟೆಗಳು ಇವತ್ತಿಗೂ ಒಂದಾಗದೆ ಆರಾಗಿಯೇ ಉಳಿದಿರುವುದಕ್ಕೆ ಇದೊಂದೇ ಕಾರಣ. ಬೇರೆ ಕಾರಣ ಹೇಳುವವರು ಓದಿದವರಿರಬಹುದು, ತಿಳಿದವರಲ್ಲ.

ಪತ್ರಿಕೆ ಓದುವವರಿಗೆ ಅಲ್ಲಿನ ಗೋಳು ಗೊತ್ತಿರುತ್ತದೆ. ಫ್ರಾನ್ಸು, ಜರ್ಮನಿ, ಇಟಲಿ ಮೊದಲಾದ ಆರು ದೇಶದವರು ತಮ್ಮ ತಮ್ಮಲ್ಲಿ ಸುಂಕ ತೆಗೆದು ಒಂದೇ ಪೇಟೆ ಮಾಡಿಕೊಳ್ಳೋಣ ಎಂದು ಐವತ್ತೇಳರಲ್ಲಿ ರುಜು ಹಾಕಿ ಹತ್ತು ವರ್ಷವಾಯಿತು. ಬೆಣ್ಣೆ ಗಡಿ ದಾಟುತ್ತದೆ, ಕಬ್ಬಿಣ ಗಡಿ ದಾಟುತ್ತದೆ. ಹಣ ಮಾತ್ರ ಹೊಸ ಮದುಮಗಳ ಹಾಗೆ ಹೊಸ್ತಿಲಲ್ಲೇ ನಿಂತು ಹಿಂದೆ ಮುಂದೆ ನೋಡುತ್ತದೆ. ಒಬ್ಬೊಬ್ಬರದು ಒಂದೊಂದು ನಾಣ್ಯ, ಬ್ಯಾಂಕಿಗೊಂದು ಕಟ್ಟಳೆ, ವಿಮೆಗೊಂದು ಕಟ್ಟಳೆ. ಇವರ ಕಾಗದವನ್ನು ಅವರು ನಂಬುವುದಿಲ್ಲ, ಅವರ ಕಾಗದವನ್ನು ಇವರು ಮುಟ್ಟುವುದಿಲ್ಲ. ಇದನ್ನು ಹೇಗೆ ಬಗೆಹರಿಸುವುದೆಂದು ಪಂಡಿತರು ಕೂತು ಆನೆ ತೂಕದ ವರದಿ ಬರೆದಿದ್ದಾರಂತೆ. ಅದೇ ಕೆಲಸವನ್ನು ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಡುವೆ ಒಬ್ಬ ಮನುಷ್ಯ, ಓದು ಬರಹವಿಲ್ಲದೆ, ಮೂರು ಎಳೆ ನಾರಿನಿಂದ ಮಾಡಿ ಮುಗಿಸಿದ್ದಾರೆ.

ಗುರುವಾರ ಬೆಳಗಿನ ಜಾವ. ಬಟ್ಟೆಮಲ್ಲಪ್ಪ ಎಂಬ ಊರಿನ ಪಕ್ಕದ ಹಳ್ಳಿ. ಕೋಳಿ ಕೂಗುವುದು ತಮ್ಮನ್ನು ಎಬ್ಬಿಸಲಿಕ್ಕೆಂದು ಊರವರು ತಿಳಿದಿದ್ದಾರೆ. ಹುಲಿಯಪ್ಪ ಎದ್ದ ಸದ್ದಿಗೆ ಕೋಳಿಗೇ ಎಚ್ಚರವಾಗುವುದು ನಿಜ ಸಂಗತಿ. ಐವತ್ತರ ಆಸುಪಾಸಿನ ಗಟ್ಟಿ ಆಳು. ಕಂಬಳಿ ಕೊಪ್ಪೆ, ಮೊಳಕಾಲಿನ ಮೇಲೆ ಕಟ್ಟಿದ ಪಂಚೆ, ಬರಿಗಾಲು. ಆ ಹಿಮ್ಮಡಿಗಳ ಮಾತು ಪ್ರತ್ಯೇಕ ಹೇಳಬೇಕು. ಮಳೆಗಾಲದಲ್ಲಿ ಅವನ್ನು ಕಚ್ಚಿ ರಕ್ತ ಹೀರಲು ಬಂದ ಉಂಬಳಗಳು ಹಲ್ಲು ಮುರಿದುಕೊಂಡು ಸಾಲಾಗಿ ದವಾಖಾನೆಯ ಕಡೆ ತೆವಳಿದ್ದನ್ನು ಕಂಡವರಿದ್ದಾರೆ. ಹೆಂಡತಿ ಶಾಂತಮ್ಮ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಾರೆ. ಹುಲಿಯಪ್ಪ ಅಡ್ಡೆಗೆ ನೇತುಹಾಕಿದ್ದ ಮೂರು ಎಳೆಗಳನ್ನು ತೆಗೆದು, ಒಂದೊಂದನ್ನೂ ಬೆರಳಲ್ಲಿ ಸವರಿ ನೋಡಿ, ಸೊಂಟಕ್ಕೆ ಸುತ್ತಿಕೊಳ್ಳುತ್ತಾರೆ. ಬಾಳೆ ನಾರಿನದು ಸಾಗರ. ಪುಂಡಿ ನಾರಿನದು ಹೊಸನಗರ. ತೆಂಗಿನ ನಾರಿನದು ತೀರ್ಥಹಳ್ಳಿ.

‘ರೊಟ್ಟಿ ಬಿಸಿ ಐತೆ, ತಿಂದ್ಕಂಡು ಹೋಗ್ರಿ’ ಎನ್ನುತ್ತಾರೆ ಶಾಂತಮ್ಮ.

‘ದಾರೀಲಿ ತಿಂತೀನಿ. ಸಾಗರದ ಗುಮಾಸ್ತ ಅಯ್ಯ ನನಗಿಂತ ಮುಂಚೆ ಹೊಸನಗರಕ್ಕೆ ಬಂದು ಕೂತ್ರೆ ಆಕಳಿಸ್ತಾ ಇರ್ತಾರೆ. ಆಕಳಿಸ್ತಾ ಕೂಡಿಸಿದ ಲೆಕ್ಕ ಸರಿ ಬರಾದಿಲ್ಲ’ ಎಂದು ಹುಲಿಯಪ್ಪ ಕತ್ತಲಿಗೆ ಇಳಿಯುತ್ತಾರೆ.

ಇವರ ಕಸುಬು ಏನು ಎಂದು ಕೇಳಿದರೆ ಮೂರು ತಾಲ್ಲೂಕಿನಲ್ಲಿ ಒಬ್ಬರೂ ಸರಿಯಾಗಿ ಹೇಳಲಾರರು. ಸುಲಭವಾಗಿ ಹೇಳುವುದಾದರೆ ಹೀಗೆ. ಸಾಗರದ ಒಂದು ಮಂಡಿಯಲ್ಲಿ ನಿಮ್ಮ ಹಣ ಇದೆ ಎಂದಿಟ್ಟುಕೊಳ್ಳಿ. ಅಡಿಕೆ, ಮೆಣಸು, ಬೆಲ್ಲ ಏನೋ ಮಾರಿ ಅಲ್ಲಿ ಬಿಟ್ಟದ್ದು. ಆದರೆ ನಿಮಗೆ ಅದು ಬೇಕಾಗಿರುವುದು ಹೊಸನಗರದಲ್ಲಿ. ಮೊದಲಾದರೆ ಸಾಗರಕ್ಕೆ ಹೋಗಿ, ನೋಟು ಸೊಂಟಕ್ಕೆ ಕಟ್ಟಿಕೊಂಡು, ಕಾಡುದಾರಿಯಲ್ಲಿ ಜೀವ ಕೈಯಲ್ಲಿ ಹಿಡಿದು ಬರಬೇಕಿತ್ತು. ಈಗ ಸಾಗರದ ಮಂಡಿ ಒಂದು ಚೀಟಿ ಬರೆದು ಹುಲಿಯಪ್ಪನವರ ಕೈಗೆ ಕೊಡುತ್ತದೆ. ಅವರು ಹೊಸನಗರದ ಮಂಡಿಯಲ್ಲಿ ನಿಮ್ಮ ಪಕ್ಕ ನಿಂತು ‘ಇವರೇ ಅವರು’ ಎನ್ನುತ್ತಾರೆ. ಗುಮಾಸ್ತರು ಹಣ ಕೊಟ್ಟು, ಅದೇ ಚೀಟಿ ಎರಡನೇ ಸಲ ಬಾರದಿರಲೆಂದು ಅಲ್ಲೇ ಹರಿದು ಒಲೆಗೆ ಹಾಕುತ್ತಾರೆ. ಹುಲಿಯಪ್ಪ ಸಾಗರದ ನಾರಿಗೆ ಗಂಟು ಹಾಕುತ್ತಾರೆ. ಹತ್ತು ರೂಪಾಯಿಗೆ ಒಂದು ಗಂಟು; ಹತ್ತು ಗಂಟಾದರೆ ಅವನ್ನು ಬಿಚ್ಚಿ ನೂರರ ಒಂದು ಹೆಗ್ಗಂಟು. ಹತ್ತರ ಕೆಳಗಿನ ಇಲ್ಲವೆ ಚಿಲ್ಲರೆ ಸೇರಿದ ಚೀಟಿಯನ್ನು ಯಾರೂ ಬರೆಯುವಂತಿಲ್ಲ.

ಪ್ರತಿ ಗುರುವಾರ ಮೂರು ಮಂಡಿಯ ಗುಮಾಸ್ತರೂ ನಡುವಿನ ಊರಾದ ಹೊಸನಗರದಲ್ಲಿ ಸೇರುತ್ತಾರೆ. ಯಾರು ಯಾರಿಗೆ ಎಷ್ಟು ಎಂದು ಮೂರು ಪುಸ್ತಕಗಳನ್ನೂ ಮೂರು ನಾರುಗಳನ್ನೂ ತಾಳೆ ನೋಡಿ, ಒಂದಕ್ಕೊಂದು ಕಳೆದು, ಉಳಿದದ್ದನ್ನು ಮಾತ್ರ ಕೈಯಿಂದ ಕೈಗೆ ಕೊಡುತ್ತಾರೆ. ಮೂರು ಸಾವಿರದ ವ್ಯವಹಾರ ನಡೆದ ವಾರದಲ್ಲೂ ಊರು ದಾಟುವ ನೋಟು ನೂರು ರೂಪಾಯಿಯನ್ನು ಮೀರುವುದಿಲ್ಲ. ಮೂರು ಸಾವಿರವಲ್ಲ, ಮೂರು ಲಕ್ಷ ಎಂದು ಬರೆಯುವ ಆಸೆಯಿತ್ತು. ಹುಲಿಯಪ್ಪನವರೇ ಬೇಡ ಅಂದರು.

ಆ ಮೂರು ಪುಸ್ತಕಗಳ ಪೈಕಿ ಹೊಸನಗರದ ಮಂಡಿಯ ಗುಮಾಸ್ತ ಗಣೇಶಮೂರ್ತಿಯವರ ಪುಸ್ತಕದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ಅನ್ಯಾಯವಾದೀತು. ಅಕ್ಷರ ಎಂದರೆ ಅಕ್ಷರ! ಅವರು ಬರೆದ ‘ಅ’ ನೋಡಿ ಮುತ್ತಿನ ವ್ಯಾಪಾರಿಗಳು ನಾಚಿ ಅಂಗಡಿ ಮುಚ್ಚಿದ್ದಾರೆ. ಹದಿನಾಲ್ಕು ವರ್ಷದಲ್ಲಿ ಒಂದು ಚಿತ್ತು ಇಲ್ಲ, ಒಂದು ಕಾಟು ಇಲ್ಲ. ಇರಲಿ, ಇದು ಹುಲಿಯಪ್ಪನವರ ಕಥೆ.

ಹುಲಿಯಪ್ಪ ಗೇಣಿ ಒಕ್ಕಲಿನ ಮನೆಯವರು. ಅಪ್ಪ ಇನ್ನೊಬ್ಬರ ಗದ್ದೆ ಉತ್ತು, ಬೆಳೆದ ಅರ್ಧ ಅಳೆದು ಕೊಟ್ಟು, ಉಳಿದ ಅರ್ಧದಲ್ಲಿ ಏಳು ಮಕ್ಕಳನ್ನು ಸಾಕಿದರು. ಹುಲಿಯಪ್ಪ ಚಿಕ್ಕಂದಿನಲ್ಲೇ ಮಂಡಿಗೆ ಮೂಟೆ ಹೊರಲು ಬಂದರು. ಏಕಕಾಲಕ್ಕೆ ಎಷ್ಟು ಮೂಟೆ ಎಂದರೆ... ಎರಡು. ಎರಡೇ. ಆದರೆ ಯಾರ ಮೂಟೆ, ಯಾವ ಊರು, ಮೂಟೆಯ ಹಿಂದೆ ಬಂದವನ ಮುಖ ಯಾವುದು, ಅವನ ಭಾವನ ಮುಖ ಯಾವುದು, ಇಷ್ಟೂ ಅವರ ತಲೆಯೊಳಗೆ ಹೋಗಿ ಕೂತಿದ್ದು ಮತ್ತೆ ಹೊರಗೆ ಬರಲಿಲ್ಲ.

‘ಒಂದಿನ ತೀರ್ಥಳ್ಳಿ ಕಡೆಯೋರೊಬ್ರು ಸಾಗರದ ಮಂಡೀಲಿ ಅಳ್ತಾ ಕೂತಿದ್ರು’ ಎಂದು ಅವರು ನೆನಪಿಸಿಕೊಳ್ಳುತ್ತಾರೆ. ‘ಕೈಯಾಗೆ ಅವರೂರಿನ ಮಂಡಿ ಚೀಟಿ ಐತೆ, ದುಡ್ಡು ಯಾರೂ ಕೊಡಾಕಿಲ್ಲ. ನೀ ಯಾರಂತ ನಮಗೇನು ಗೊತ್ತು ಅಂತ. ನಂಗೆ ಗೊತ್ತು ಅಂದೆ ನಾನು. ಅಷ್ಟೇ ಅಯ್ಯಾ. ಮೂಟೆ ಇಳಿಸ್ದೆ, ಅವತ್ತಿಂದ ಮಾತು ಹೊತ್ಕಂಡೆ.’

ಮೂಟೆಗಿಂತ ಮಾತು ಹಗುರ ಎಂದು ತಿಳಿಯಬೇಡಿ. ಸೋಮವಾರ ಸಾಗರ, ಗುರುವಾರ ಹೊಸನಗರ, ಶನಿವಾರ ತೀರ್ಥಹಳ್ಳಿ, ಭಾನುವಾರ ಮತ್ತೆ ಹೊಸನಗರ. ಬಸ್ಸಿದೆ, ಆದರೆ ಚೀಟಿಯವರು ಬಸ್ಸಿನ ದಾರಿಯಲ್ಲಿ ಇರುವುದಿಲ್ಲ; ಒಳಹಳ್ಳಿಗಳನ್ನು ಹಾದು, ‘ನಿಮ್ಮದು ಬಂದೈತೆ’ ಎಂದು ಕೂಗಿ ಹೇಳುತ್ತಾ ಹೋಗಬೇಕು. ವಾರಕ್ಕೆ ತೊಂಬತ್ತು ಮೈಲಿ. ಮೂವತ್ತು ಮೂವತ್ತೈದು ಚೀಟಿ. ಕೂಲಿ ಸಾಗರದಿಂದ ಮೂರು ರೂಪಾಯಿ, ತೀರ್ಥಹಳ್ಳಿಯಿಂದ ಮೂರು, ಹೊಸನಗರದಿಂದ ನಾಲ್ಕು. ಒಟ್ಟು ವಾರಕ್ಕೆ ಹತ್ತು. ಈ ಅಂಕಿಗಳನ್ನು ಎಷ್ಟು ಹಿಗ್ಗಿಸಲು ನೋಡಿದರೂ ಹಿಗ್ಗಲಿಲ್ಲ, ಆದ್ದರಿಂದ ಇದ್ದ ಹಾಗೇ ಕೊಟ್ಟಿದೆ.

ಇದರಿಂದ ಯಾರಿಗೆ ಏನಾಯಿತು ಎಂದು ತಿಳಿಯಬೇಕಾದರೆ ಅರಳಸುರಳಿಯ ಯಮುನಮ್ಮನವರನ್ನು ಕೇಳಬೇಕು. ಅವರು ಮೊದಲು ಬ್ಯಾಕೋಡು ಕಡೆಯವರು. ಹೊಳೆಗೆ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದಾಗ ಗದ್ದೆ ಮುಳುಗಿತು, ಮನೆ ಮುಳುಗಿತು. ಮುಳುಗುವ ಮುಂಚೆ ದನ, ಮರಮುಟ್ಟು ಮಾರಿ ಬಂದದ್ದನ್ನು ಸಾಗರದ ಮಂಡಿಯಲ್ಲಿ ಇಟ್ಟು, ಅಣ್ಣನ ಮನೆಯ ಹತ್ತಿರ ಅರಳಸುರಳಿಗೆ ಬಂದರು. ಹೊಸ ಊರಿನಲ್ಲಿ ಅವರು ಯಾರು ಎಂದು ಹೇಳುವವರು ಅಣ್ಣನೊಬ್ಬ. ಅಣ್ಣನ ಮಾತನ್ನು ಮಂಡಿ ಒಪ್ಪುವುದಿಲ್ಲ.

‘ದುಡ್ಡು ಅಲ್ಲಿ, ನಾ ಇಲ್ಲಿ, ನಡುವೆ ನೀರು’ ಎನ್ನುತ್ತಾರೆ ಯಮುನಮ್ಮ. ‘ಹುಲಿಯಣ್ಣ ಬಂದು ನನ್ನ ಗಂಡನ ಹೆಸ್ರು, ಮುಳುಗಿದ ಗದ್ದೆ ಹೆಸ್ರು ಎಲ್ಲಾ ಹೇಳ್ದ. ಆ ಗದ್ದೆ ಹೆಸ್ರು ನಂಗೇ ಮರ್ತಂಗಾಗಿತ್ತು. ಈಗ ಬೇಕಾದಾಗ ನಲವತ್ತೋ ಐವತ್ತೋ ಹೊಸನಗರದಲ್ಲಿ ಬಿಡಿಸ್ಕಂಡು ಬರ್ತೀನಿ. ಮೊನ್ನೆ ಭೂಮಿ ಹುಣ್ಣಿಮೆ ಮುಂಚೆ ಒಂದು ಕರುವಿನ ಎಮ್ಮೆ ತಂದೆ.’

ಇಂಥ ಏರ್ಪಾಡು ಸುಲಭವಾಗಿ ನಿಂತಿಲ್ಲ. ಮೂರು ಮಂಡಿಯ ಯಜಮಾನರೂ ಮೊದಲ ದಿನವೇ ಒಂದು ಕರಾರು ಹಾಕಿದ್ದಾರೆ. ಯಾವುದೇ ಗುರುವಾರ ಲೆಕ್ಕ ಕೂಡದೆ ಗುಮಾಸ್ತರು ಚಾಪೆಯಿಂದ ಎದ್ದರೆ, ಮರುದಿನದಿಂದ ಪರವೂರಿನ ಚೀಟಿಯನ್ನು ಯಾರೂ ಮುಟ್ಟುವುದಿಲ್ಲ. ಒಂದೇ ಒಂದು ಗುರುವಾರ ಸಾಕು. ಯಮುನಮ್ಮನಂಥವರ ಕೈಯ ಚೀಟಿ ಆಮೇಲೆ ಒಲೆ ಉರಿಗೂ ಸಾಲದು. ಆದ್ದರಿಂದಲೇ ಮೂರು ಪುಸ್ತಕಗಳು ಜಗಳಕ್ಕೆ ನಿಂತಾಗ ನಾರು ಹೇಳಿದ್ದೇ ತೀರ್ಪು ಎಂದು ಲಾಗಾಯ್ತಿನಿಂದ ನಡೆದು ಬಂದಿದೆ.

ಆ ನಾರು ಕೈತಪ್ಪಿದ್ದು ಒಂದೇ ಸಲ, ಕಳೆದ ಭೂಮಿ ಹುಣ್ಣಿಮೆಯಲ್ಲಿ.

ಈ ಕಡೆಯ ಒಕ್ಕಲು ಮನೆಗಳಲ್ಲಿ ಭೂಮಿ ಹುಣ್ಣಿಮೆ ಎಂದರೆ ಬಸುರಿ ಭೂಮಿಗೆ ಬಯಕೆ ಬಡಿಸುವ ದಿನ. ಹೆಂಗಸರು ವಾರ ಮೊದಲೇ ಬುಟ್ಟಿಗೆ ಕೆಮ್ಮಣ್ಣು ಬಳಿದು, ಬಿಳಿಯ ಗೆರೆಗಳಲ್ಲಿ ಚಿತ್ತಾರ ಬರೆಯುತ್ತಾರೆ. ಹಿಂದಿನ ರಾತ್ರಿಯೆಲ್ಲಾ ಅಡಿಗೆ. ಬೆಳಕು ಹರಿಯುವ ಮುಂಚೆ ಗಂಡಸರು ಬುಟ್ಟಿಯನ್ನು ಹೆಗಲ ಮೇಲೆ ಹೊತ್ತು, ದೊಂದಿ ಹಿಡಿದು ಗದ್ದೆಗೆ ಹೋಗುತ್ತಾರೆ. ತೆನೆ ಕಟ್ಟುತ್ತಿರುವ ಬತ್ತದ ಒಂದು ಬುಡವನ್ನು ಆರಿಸಿ, ಅದಕ್ಕೆ ಹೂಮಾಲೆ ಹಾಕಿ, ಕುಪ್ಪಸದ ಕಣ ಇಟ್ಟು, ಉಣ್ಣಲು ಬಡಿಸುತ್ತಾರೆ.

ಅವತ್ತು ಬುಧವಾರ. ಶಾಂತಮ್ಮ ಹೂ ಕಟ್ಟಲು ಕೂತಾಗ ನೆನೆಹಾಕಿದ ಬಾಳೆ ನಾರು ಸಾಲದೆ ಹೋಯಿತು. ತಲೆ ಎತ್ತಿ ನೋಡಿದರೆ ಅಡ್ಡೆಯಲ್ಲಿ ಒಂದು ಬಾಳೆಯ ಎಳೆ ನೇತಾಡುತ್ತಿದೆ; ಅದು ಲೆಕ್ಕದ್ದೆಂದು ನಿದ್ದೆಗಣ್ಣಿಗೆ ಹೊಳೆಯಲಿಲ್ಲ. ಗಂಡ ಎರಡು ದಿನ ನಡೆದು ಬಂದು ಸತ್ತಂತೆ ಮಲಗಿದ್ದಾರೆ. ಎಬ್ಬಿಸಿ ಕೇಳುವುದು ಎಂಥದ್ದು, ಬಾಳೆ ನಾರು ತಾನೆ? ನೀರಿಗೆ ಅದ್ದಿದರು. ಚೆಂಡುಹೂ ಕಟ್ಟಿದರು.

‘ಥೂ, ಎಂಥಾ ಗಂಟುಗಂಟು ನಾರು ಇದು ಅಂತ ಬೈಕಂಡೇ ಕಟ್ದೆ’ ಎಂದು ಶಾಂತಮ್ಮ ಹೇಳುತ್ತಾರೆ. ‘ಒಂದು ಕಡೆ ಹೂವು ನಿಲ್ತಿತ್ತು, ಒಂದು ಕಡೆ ಜಾರ್ತಿತ್ತು.’

ಪೂಜೆ ಮುಗಿದು ಸೂರ್ಯ ಮೂಡಿದ ಮೇಲೆ ಹುಲಿಯಪ್ಪ ಬತ್ತದ ಬುಡಕ್ಕೆ ಕೈಮುಗಿಯಲು ಬಗ್ಗಿದರು. ಚೆಂಡುಹೂಗಳ ನಡುವೆ ಒಂದು ಹೆಗ್ಗಂಟು ಕಂಡಿತು. ಅದರ ಪಕ್ಕ ಇನ್ನೊಂದು. ಸಾಗರದ ಇಡೀ ವಾರದ ಲೆಕ್ಕ ಭೂಮಿತಾಯಿಯ ಕೊರಳಲ್ಲಿ ತೂಗುತ್ತಿತ್ತು.

ಆಗ ಅವರು ಬಿಟ್ಟ ನಿಟ್ಟುಸಿರಿಗೆ ಎರಡು ಗದ್ದೆಯ ಬತ್ತ ಮಲಗಿತು, ಹಾರುತ್ತಿದ್ದ ಬೆಳ್ಳಕ್ಕಿ ಹಿಂದಕ್ಕೆ ಹಾರಿತು. ಶಾಂತಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತರು.

‘ಬಿಚ್ಕಂಡು ಬರಾನಾ?’ ಎಂದು ಮೆಲ್ಲಗೆ ಕೇಳಿದರು.

‘ಬಸುರಿಗೆ ಉಡಿ ತುಂಬಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರನೇ? ಸುಮ್ನಿರು.’

ಕೊಟ್ಟದ್ದನ್ನು ಕಿತ್ತುಕೊಳ್ಳುವಂತಿಲ್ಲ. ಲೆಕ್ಕವಿಲ್ಲದೆ ನಾಳೆ ಹೊಸನಗರಕ್ಕೆ ಹೋಗುವಂತಿಲ್ಲ. ಹುಲಿಯಪ್ಪ ಕಂಬಳಿ ಬಿಸಾಕಿ ಕೆಸರಿನಲ್ಲಿ ಮೊಳಕಾಲೂರಿ ಕೂತರು. ಮಾಲೆಯನ್ನು ಕದಲಿಸದೆ, ಒಂದು ಹೂವೂ ಉದುರದಂತೆ, ಬೆರಳ ತುದಿಯನ್ನು ಹೂಗಳ ಕೆಳಗೆ ತೂರಿಸಿ ಒಂದೊಂದೇ ಗಂಟನ್ನು ಮುಟ್ಟಿ ಎಣಿಸಿದರು. ಎಡಗೈ ಮಾಲೆಯಲ್ಲಿ, ಬಲಗೈಯಲ್ಲಿ ಹೊಸ ನಾರು. ಹಲ್ಲಿನಲ್ಲಿ ಕಚ್ಚಿ ಹಿಡಿದು ಅಲ್ಲಿ ಸಿಕ್ಕ ಗಂಟನ್ನು ಇಲ್ಲಿ ಕಟ್ಟುತ್ತಾ ಹೋದರು. ಏಡಿಗಳು ಬಂದು ಕಾಲು ಕಚ್ಚಿ, ಹಿಮ್ಮಡಿಯ ಗಟ್ಟಿತನ ನೋಡಿ ಕ್ಷಮೆ ಕೇಳಿ ಹೋದವು. ಬಿಸಿಲು ನೆತ್ತಿಗೆ ಬಂತು. ಮೂರು ಸಲ ಎಣಿಸಿದರು. ಮೂರು ಸಲವೂ ಒಂದೇ: ಆರು ಹೆಗ್ಗಂಟು, ಎರಡು ಸಣ್ಣದು. ಆರುನೂರ ಇಪ್ಪತ್ತು.

‘ಕಣ್ಣಿಗೆ ಮೋಸ ಆಗ್ಬೋದು. ಬೆರಳಿಗೆ ಆಗಾದಿಲ್ಲ’ ಎನ್ನುತ್ತಾರೆ ಹುಲಿಯಪ್ಪ.

ಮರುದಿನ ಗುರುವಾರ ಹೊಸನಗರದ ಮಂಡಿಯಲ್ಲಿ ಸಾಗರದ ಗುಮಾಸ್ತ ನಾರಾಯಣಮೂರ್ತಿ, ತೀರ್ಥಹಳ್ಳಿಯ ಗುಮಾಸ್ತ ಮಂಜುನಾಥಪ್ಪ, ಹೊಸನಗರದ ಗಣೇಶಮೂರ್ತಿ ಮೂವರೂ ಚಾಪೆ ಹಾಸಿ ಕೂತರು. ಹುಲಿಯಪ್ಪ ನಡೆದದ್ದನ್ನು ಮುಚ್ಚಿಡದೆ ಹೇಳಿ ಹೊಸ ನಾರನ್ನು ಮುಂದಿಟ್ಟರು. ಗಣೇಶಮೂರ್ತಿ ತಮ್ಮ ಮುತ್ತಿನ ಅಕ್ಷರದ ಪುಸ್ತಕ ತೆರೆದರು. ಏನು ಹೇಳುವುದು! ಲೆಕ್ಕ ಪೈಸೆಗೆ ಪೈಸೆ ಕೂಡಿತು. ಮೂವರು ಗುಮಾಸ್ತರೂ ಎದ್ದು ಹುಲಿಯಪ್ಪನವರನ್ನು ಹೆಗಲ ಮೇಲೆ ಹೊತ್ತು ಪೇಟೆಯನ್ನು ಒಂಬತ್ತು ಸುತ್ತು ಹಾಕಿದರು. ಸುದ್ದಿ ಕೇಳಿ ಶಿವಮೊಗ್ಗದಲ್ಲಿ ಪಟಾಕಿ ಹೊಡೆದರು.

ಬದುಕಿರುವವರ ಬಗ್ಗೆ ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಅವರಿಗೆ ಓದಿ ಹೇಳುವುದು ಮರ್ಯಾದೆ. ಹಾಗೆಂದು ಮೊನ್ನೆ ಬುಧವಾರ ಹುಲಿಯಪ್ಪನವರ ಮನೆಯ ಜಗುಲಿಯಲ್ಲಿ ಇಲ್ಲಿಯವರೆಗಿನದನ್ನೆಲ್ಲಾ ಓದಲಾಯಿತು. ಹುಲಿಯಪ್ಪ ಕಂಬಕ್ಕೆ ಒರಗಿ ಕೇಳಿದರು. ಶಾಂತಮ್ಮ ಪಕ್ಕದಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು.

‘ಯುರೋಪು ಅಂದ್ರೆ ಸೊರಬದಿಂದ ಆಚೆನಾ ಅಯ್ಯಾ?’ ಎಂದು ಹುಲಿಯಪ್ಪ ನಡುವೆ ಒಮ್ಮೆ ಕೇಳಿದರು. ಉಂಬಳದ ಮಾತಿಗೆ ನಕ್ಕರು. ಬೆಳ್ಳಕ್ಕಿಯ ಮಾತಿಗೆ ಶಾಂತಮ್ಮನೂ ನಕ್ಕರು. ಗುರುವಾರದ ಲೆಕ್ಕ ಪೈಸೆಗೆ ಪೈಸೆ ಕೂಡಿತು ಎಂಬಲ್ಲಿಗೆ ಬಂದಾಗ ಮೊರದ ಸದ್ದು ನಿಂತಿತು.

‘ಕೂಡ್ತಾ?’ ಎಂದರು ಶಾಂತಮ್ಮ.

‘ಬಿಡೇ ಮಾರಾಯ್ತಿ, ಓದ್ಲಿ ಅವರು’ ಎಂದರು ಹುಲಿಯಪ್ಪ.

‘ಅಲ್ಲ, ಕೇಳ್ತೀನಿ. ಕೂಡಿದ್ರೆ ಇವ್ರು ನಾಕು ವಾರ ಬಿಟ್ಟಿ ನಡ್ದಿದ್ದು ಯಾಕೆ? ಕೂಲೀಲಿ ನಲವತ್ತು ರೂಪಾಯಿ ಮುರ್ಕಂಡಿದ್ದು ಯಾಕೆ? ನಾನು ನಾರು ನೀರಿಗೆ ಹಾಕಿ ಹೂ ಕಟ್ಟಿದ್ದಕ್ಕೆ ನಾಕು ಗಂಟು ಬಿಚ್ಚಿ ಹೋಯ್ತು ಅಂತ ನೀವೇ ಅಲ್ವಾ ಅಂದಿದ್ದು, ಗಣೇಶಮೂರ್ತಿ ಅಯ್ಯಾ? ಆವತ್ತಿಂದ ನಾನು ಬಾಳೆ ನಾರು ಮುಟ್ಟಿಲ್ಲ. ದೇವರಿಗೆ ಹೂವು ದಾರದಲ್ಲಿ ಕಟ್ತೀನಿ. ಈಗ ಕೂಡ್ತು ಅಂತ ಓದ್ತೀರಿ!’

ಓದುತ್ತಿದ್ದವನು ಹಾಳೆಗಳನ್ನು ಕೆಳಗಿಟ್ಟ.

ಓದುತ್ತಿದ್ದವನು ನಾನು. ಮುತ್ತಿನ ಅಕ್ಷರದ ಗಣೇಶಮೂರ್ತಿ ಎಂದು ಇಷ್ಟು ಹೊತ್ತು ನನ್ನನ್ನು ನಾನೇ ಹೊಗಳಿಕೊಂಡಿದ್ದೇನೆ. ಹೊಸನಗರದ ಆ ಮಂಡಿಯ ಗುಮಾಸ್ತ ನಾನೇ. ತಂತಿ ಬಂದದ್ದು ಸುಳ್ಳು, ಉಂಬಳ ಸುಳ್ಳು, ಬೆಳ್ಳಕ್ಕಿ ಸುಳ್ಳು. ಅವು ಯಾರಿಗೂ ನೋವು ಮಾಡದ ಸುಳ್ಳುಗಳು. ಲೆಕ್ಕ ಕೂಡಿತು ಎಂಬುದು ಹಾಗಲ್ಲ. ನಡೆದದ್ದನ್ನು ಈಗ ನಡೆದ ಹಾಗೆ ಹೇಳುತ್ತೇನೆ.

ಆ ಗುರುವಾರ ನಾರಿನಲ್ಲಿ ಆರುನೂರ ಇಪ್ಪತ್ತು ಇತ್ತು. ನನ್ನ ಪುಸ್ತಕದಲ್ಲಿ ಆರುನೂರ ಅರವತ್ತು ಇತ್ತು. ಅಷ್ಟನ್ನು ಸಾಗರದವರು ನಮಗೆ ಕೊಡಬೇಕೆಂದು ನಾನು ಹೇಳಿದೆ. ಆ ವಾರ ತೀರ್ಥಹಳ್ಳಿಯಲ್ಲಿ ಸಾಗರದ ಚೀಟಿ ಯಾರೂ ಬಿಡಿಸಿರಲಿಲ್ಲವಾದ್ದರಿಂದ ಮಂಜುನಾಥಪ್ಪನವರು ನಶ್ಯದ ಡಬ್ಬಿ ತೆಗೆದರು. ನಾರಾಯಣಮೂರ್ತಿಗೂ ನನಗೂ ಜಗಳ ಹತ್ತಿದರೆ ಪೇಟೆಯ ಕನ್ನಡ ಬಿಟ್ಟುಹೋಗಿ ಮನೆಮಾತು ಬರುತ್ತದೆ.

‘ನಾರಲ್ಲಿ ಆರುನೂರಾ ಇಪ್ಪತ್ತೇ ಇದ್ದು. ಮ್ಯಾಲೆ ಒಂದು ಪೈಸೆ ಆನು ಕೊಡ್ತ್ನಿಲ್ಲೆ. ನಿನ್ನ ಪುಸ್ತಕದಲ್ಲೇ ಎಂತದೋ ತಪ್ಪಿದ್ದು’ ಎಂದ ನಾರಾಯಣಮೂರ್ತಿ.

‘ಎನ್ನ ಪುಸ್ತಕದಲ್ಲಿ ತಪ್ಪು ಬಪ್ಪಲೆ ಸಾಧ್ಯವೇ ಇಲ್ಲೆ. ನೀರಲ್ಲಿ ನೆಂದ ನಾರು ಅದು, ಹೂ ಕಟ್ಟಕ್ಕಿದ್ರೆ ನಾಕು ಗಂಟು ಬಿಚ್ಚಿಹೋಯ್ದು’ ಎಂದೆ ನಾನು.

ನಾರಾಯಣಮೂರ್ತಿ ಪುಸ್ತಕ ಮುಚ್ಚಿ ಬಗಲಿಗೆ ಇಟ್ಟುಕೊಂಡ. ಒಂದು ಮೊಳಕಾಲು ಚಾಪೆಯಿಂದ ಎದ್ದಿತ್ತು. ಇನ್ನೊಂದು ಎದ್ದರೆ ಮೂರು ಪೇಟೆ ಮತ್ತೆ ಮೂರಾಗುತ್ತಿತ್ತು. ಹುಲಿಯಪ್ಪ ನನ್ನ ಪುಸ್ತಕವನ್ನು ನೋಡಿದರು, ಆಮೇಲೆ ಎದ್ದ ಮೊಳಕಾಲನ್ನು ನೋಡಿದರು.

‘ಕೂತ್ಕಳಿ ಅಯ್ಯಾ, ನಂದೇ ತಪ್ಪು’ ಎಂದರು. ‘ನಾರು ನೆಂದಿತ್ತು. ಬಿಚ್ಚಿರ್ತದೆ. ನಲವತ್ತು ನನ್ನ ಕೂಲೀಲಿ ಮುರ್ಕಳಿ.’

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಲೆಕ್ಕ ಕೂಡಿತು. ಕೂಡಿಸಿದ್ದು ಹುಲಿಯಪ್ಪ. ಹೆಗಲ ಮೇಲೆ ಹೊತ್ತು ಮೆರೆಸುವುದಿರಲಿ, ನಾವು ಯಾರೂ ಅವರಿಗೆ ಒಂದು ಲೋಟ ನೀರನ್ನೂ ಕೊಡಲಿಲ್ಲ.

ಎರಡು ವಾರದ ನಂತರ ದೀಪಾವಳಿ. ಮಂಡಿಯ ಹಳೇ ಪುಸ್ತಕ ಮುಗಿಸಿ ಹೊಸದಕ್ಕೆ ಪೂಜೆ ಮಾಡುವ ದಿನ. ಪೆಟ್ಟಿಗೆಯಲ್ಲಿ ನಲವತ್ತು ರೂಪಾಯಿ ಹೆಚ್ಚಿಗೆ ಬಂತು. ಪುಟ ತಿರುವಿ ನೋಡಿದೆ. ಯಮುನಮ್ಮನವರ ನಲವತ್ತರ ಚೀಟಿ, ಎಮ್ಮೆಗೆಂದು ಬಿಡಿಸಿಕೊಂಡದ್ದು. ಒಂದು ಪುಟದ ಕೊನೆಯ ಸಾಲಿನಲ್ಲಿ ಬರೆದಿದ್ದೆ. ಶಾಯಿ ಒಣಗಲೆಂದು ಕಾದು, ಪುಟ ತಿರುವಿ, ಮುಂದಿನ ಪುಟದ ಮೊದಲ ಸಾಲಿನಲ್ಲಿ ಅದನ್ನೇ ಮತ್ತೊಮ್ಮೆ ಬರೆದಿದ್ದೆ. ಎರಡು ಕಡೆಯೂ ಅಕ್ಷರ ಬಹಳ ಚೆನ್ನಾಗಿತ್ತು.

ಆ ದಿನಕ್ಕೆ ಹುಲಿಯಪ್ಪನವರ ಕೂಲಿಯಿಂದ ಇಪ್ಪತ್ತು ರೂಪಾಯಿ ಮಾತ್ರ ಮುರಿದಾಗಿತ್ತು. ಹೇಳಲು ಸಮಯವಿತ್ತು. ಹದಿನಾಲ್ಕು ವರ್ಷದಲ್ಲಿ ಒಂದು ಕಾಟು ಇಲ್ಲ ಎಂಬ ಹೆಸರು ಹೋದೀತೆಂದು ಬಾಯಿ ಬಿಡಲಿಲ್ಲ. ಉಳಿದ ಇಪ್ಪತ್ತನ್ನೂ ಮುರಿಯಲು ಬಿಟ್ಟೆ. ಪೆಟ್ಟಿಗೆಯ ಹೆಚ್ಚುವರಿಯನ್ನು ಕಾಗದದಲ್ಲಿ ಸುತ್ತಿ ಮೇಜಿನ ಖಾನೆಯಲ್ಲಿಟ್ಟೆ. ಖರ್ಚು ಮಾಡಲು ಧೈರ್ಯವಾಗಲಿಲ್ಲ, ಕೊಡಲೂ ಧೈರ್ಯವಾಗಲಿಲ್ಲ. ಋಣ ತೀರಿಸಿದ ಹಾಗಾಗಲಿ ಎಂದು ಈ ಲೇಖನ ಬರೆಯಲು ಕೂತೆ.

ಇಷ್ಟನ್ನೂ ಮೊನ್ನೆ ಆ ಜಗುಲಿಯಲ್ಲಿ, ಮೊರದಲ್ಲಿದ್ದ ಅಕ್ಕಿಯನ್ನು ನೋಡುತ್ತಾ ಹೇಳಿದೆ. ಹುಲಿಯಪ್ಪನವರಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ.

‘ನಿನಗೆ ಗೊತ್ತಿತ್ತಾ?’ ಎಂದು ಕೇಳಿದೆ.

‘ಗದ್ದೇಲಿ ಮೂರು ಸಲ ಎಣಿಸಿದ್ನಲ್ಲ ಅಯ್ಯಾ. ಗೊತ್ತಿಲ್ದೆ ಏನು.’

‘ಮತ್ತೆ ಯಾಕೆ ನಿಂದೇ ತಪ್ಪು ಅಂದೆ ಮಾರಾಯ?’

‘ನನ್ ಗಂಟು ತಪ್ಪು ಅಂದ್ರೆ ಹೋಗಾದು ನಲವತ್ತು ರೂಪಾಯಿ. ನಿಮ್ ಪುಸ್ತಕ ತಪ್ಪು ಅಂದ್ರೆ ಸಾಗರದೋರು ನಿಮ್ಮನ್ನ ನಂಬಾದಿಲ್ಲ, ನೀವು ತೀರ್ಥಳ್ಳಿಯೋರನ್ನ ನಂಬಾದಿಲ್ಲ. ಆಮೇಲೆ ಯಮುನಕ್ಕ ಚೀಟಿ ಹಿಡ್ಕಂಡು ಯಾರ ಮನೆ ಬಾಗ್ಲಿಗೆ ಹೋಗ್ಬೇಕು?’

ಹೊರಡುವಾಗ ಖಾನೆಯಿಂದ ತೆಗೆದುಕೊಂಡಿದ್ದ ಕಾಗದದ ಪೊಟ್ಟಣ ಜೇಬಿನಲ್ಲಿ ಇತ್ತು. ಹತ್ತರ ನಾಲ್ಕು ನೋಟು ತೆಗೆದು ಶಾಂತಮ್ಮನವರ ಮುಂದಿಟ್ಟೆ. ಅವರು ತೆಗೆದುಕೊಂಡು ಒಂದೊಂದೇ ಎಣಿಸಿದರು. ಮತ್ತೆ ಮೊದಲಿನಿಂದ ಎಣಿಸಿದರು.

‘ನಾಲ್ಕೇ ಅಮ್ಮ, ಸರಿಯಾಗಿದೆ’ ಎಂದೆ.

‘ನೀವು ಎಣಿಸಿ ತಂದಿದ್ದಲ್ವಾ ಅಯ್ಯಾ’ ಎಂದರು ಶಾಂತಮ್ಮ. ‘ಅದಕ್ಕೇ ಎರಡು ಸಲ ನೋಡ್ದೆ.’

ಹುಲಿಯಪ್ಪ ಜೋರಾಗಿ ನಕ್ಕರು. ನನಗೂ ನಗಬೇಕಾಯಿತು. ಶಾಂತಮ್ಮ ನಗಲಿಲ್ಲ. ನೋಟುಗಳನ್ನು ಸೆರಗಿಗೆ ಕಟ್ಟಿಕೊಂಡು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ನಾನು ಹೊರಟು ನಿಂತಾಗ ಹುಲಿಯಪ್ಪ ಅಂಗಳದ ತನಕ ಬಂದರು. ಧ್ವನಿ ತಗ್ಗಿಸಿ, ‘ಅಯ್ಯಾ, ಪೇಪರಿಗೆ ಏನು ಬೇಕಾದ್ರೂ ಬರೀರಿ, ಏಡಿ ಕಚ್ಚಿದ್ದೂ ಇರ್ಲಿ. ಒಂದು ಮಾತು ಮಾತ್ರ ಸೇರಿಸ್ರಿ. ನಿನ್ ಕೈದೇನೂ ತಪ್ಪಿಲ್ಲ ಅಂತ ನಾ ಎಷ್ಟು ಸಲ ಹೇಳಿದ್ರೂ ಇವ್ಳು ನಂಬಾದಿಲ್ಲ. ನನ್ನ ಸಮಾಧಾನಕ್ಕೆ ಹೇಳ್ತೀರಿ ಅಂತಾಳೆ. ನೀವು ಬಾಯಲ್ಲಿ ಹೇಳಿದ್ದೂ ಸಾಲದು. ಅಚ್ಚಾಗಿ ಬಂದ್ರೆ ನಂಬ್ತಾಳೆ. ಶಾಲೆ ಮೇಷ್ಟ್ರ ಹತ್ರ ಓದಿಸ್ತೀನಿ’ ಎಂದರು.

ಮೇಷ್ಟರೇ, ಇದನ್ನು ಸ್ವಲ್ಪ ನಿಧಾನವಾಗಿ, ಗಟ್ಟಿಯಾಗಿ ಓದಿ: ಶಾಂತಮ್ಮನವರು ಹೂ ಕಟ್ಟಿದ ನಾರಿನಲ್ಲಿ ಒಂದು ಗಂಟೂ ಬಿಚ್ಚಿರಲಿಲ್ಲ. ನಲವತ್ತು ರೂಪಾಯಿಯ ತಪ್ಪು ಹೊಸನಗರದ ಗುಮಾಸ್ತ ಗಣೇಶಮೂರ್ತಿಯದು.